ಪೂನಮ್ ಖಾಲಿ ಬಿಟ್ಟ ಸಮ್

ಬೆಂಗೇರಿಯ ಪೂನಮ್‌ಗೆ ಎರಡು ಸಂಗೀತ. ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದ ಕೀಬೋರ್ಡ್, ಉಳಿದ ದಿನ ಧಾರವಾಡದ ಗುರು ರಾಜೇಶ್ವರಿ ಬಾಯಿಯವರ ಎದುರು ಕುಳಿತು ಹಿಂದೂಸ್ತಾನಿ ಖ್ಯಾಲ್. ಮೊದಲನೆಯದು ಹೊಟ್ಟೆಗೆ, ಎರಡನೆಯದು ಹುಚ್ಚಿಗೆ ಎಂದು ಅಪ್ಪ ನೀಲಪ್ಪ ನಗುತ್ತಿದ್ದ. ಆದರೆ ಅವಳು ಯಾವಾಗಲೋ ಎರಡನ್ನೂ ಒಂದೇ ಒಲೆಗೆ ಏರಿಸಿದ್ದಳು. ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಭೀಮಪಲಾಸಿ ರಾಗದ ಕೆಳಗೆ ಸಿಂಥಸೈಜರ್ ಗುಂಯ್ ಎನ್ನುತ್ತಿತ್ತು, ತಬಲಾದ ಮಗ್ಗುಲಲ್ಲಿ ಡಿಜೆ ಡ್ರಮ್ಮು ಕೂರುತ್ತಿತ್ತು. ಜನ ಮೂಗು ಮುರಿಯಲಿ, ಆದರೆ ಪೂರ್ತಿ ಕೇಳಿ ಮುರಿಯಲಿ ಎಂಬುದು ಅವಳ ಆಸೆ. ಅದೇನು ದೊಡ್ಡ ಆಸೆಯೇ ಹೇಳಿ!

ಗಬ್ಬೂರಿನ ಒಂದು ಮದುವೆ ಮೆರವಣಿಗೆಯಲ್ಲಿ ಡಿಜೆ ಹನಮೇಶ ಹಾಡನ್ನು ಏರಿಸುತ್ತ ಏರಿಸುತ್ತ ಹೋಗಿ, ಪೆಟ್ಟು ಬೀಳುವ ಜಾಗದಲ್ಲೇ ಸದ್ದು ಕತ್ತರಿಸಿಬಿಟ್ಟ. ಕುಣಿಯುವವರು ಬಿಡುತ್ತಾರೆಯೇ? ಆ ಪೆಟ್ಟನ್ನು ತಾವೇ ನೆಲಕ್ಕೆ ಒದ್ದು ತುಂಬಿದರು. ಪೂನಮ್‌ಗೆ ಮೈ ಜುಮ್ಮೆಂದಿತು. ಧಾರವಾಡದ ಮಂದಿ ತೊಡೆಯ ಮೇಲೆ ತಾಳ ಹಾಕದೆ ಸಂಗೀತ ಕೇಳುವವರೇ ಅಲ್ಲ. ತಾಳದ ಹದಿನಾರು ಮಾತ್ರೆ ಸುತ್ತಿದ ಹಾಡು ಮತ್ತೆ ಮೊದಲ ಮಾತ್ರೆಗೆ, ಅಂದರೆ ಸಮ್‌ಗೆ, ಬಂದು ಬಿದ್ದರೆ ಇಡೀ ಸಭೆಯ ತಲೆ ತೂಗುತ್ತದೆ. ಆ ಸಮ್ಮನ್ನೇ ಖಾಲಿ ಬಿಟ್ಟರೆ? ಮನೆಗೆ ಬಂದವಳೇ ತನ್ನ ಹೊಸ ರಚನೆಯ ಸುತ್ತುಗಳಿಂದ ಸಮ್ ಅಳಿಸಿ, ಕೊನೆಯ ಸುತ್ತಿಗೆ ಮಾತ್ರ ಡೊಳ್ಳಿನ ದೊಡ್ಡ ಪೆಟ್ಟೊಂದನ್ನು ಇಟ್ಟಳು.

ತಾನು ಹಾಡಬೇಕಿದ್ದ ಗುರುಪೂರ್ಣಿಮೆಯ ಸಂಗೀತ ಬೈಠಕ್ಕಿಗೆ ಮುಂಚೆ ಅದನ್ನು ಬಾಯಿಯವರಿಗೆ ಕೇಳಿಸಿದಳು. ಸಮ್ ತಪ್ಪಿಸಿದ ಶಿಷ್ಯರ ಬೆನ್ನಿಗೆ ಗುದ್ದಿ ಕಲಿಸಿದ ಜೀವ ಅದು. ಅವರ ಹುಬ್ಬು ಗಂಟಿಕ್ಕಿತು.

"ಸಮ್ ಎಲ್ಲಿ ಹೋತು?"

"ಬೇಕಂತನ ಬಿಟ್ಟೇನ್ರಿ, ಬಾಯಾರ. ಕೇಳೋರು ತುಂಬ್ತಾರಂತ."

"ಊಟಕ್ಕ ಕರದು ಎಲಿ ಎತ್ತಿಕೊಂಡಂಗಾತಲ್ಲ! ಮಂದಿ ಕೇಳಾಕ ಬರ್ತಾರ, ನಿನ್ನ ಕೆಲಸ ಮಾಡಾಕಲ್ಲ." ಮತ್ತೆ ತಾವೇ ಹೇಳಿದರು, "ನುಡಸು, ಬ್ಯಾಡ ಅನ್ನಂಗಿಲ್ಲ. ನನ್ನ ಕಡಿಂದ ಕೇಳಾಕ ಆಗಲಿಲ್ಲಂದ್ರ ಎದ್ದು ಹೋಗ್ತೇನಿ. ಖರೇ ಹೇಳಾಕತ್ತೇನಿ."

ಗುರು ಎದ್ದು ಹೋದ ಬೈಠಕ್ಕಿನ ಸುದ್ದಿ ಧಾರವಾಡದಲ್ಲಿ ಚಹಾ ಆರುವುದರೊಳಗೆ ಊರು ಸುತ್ತುತ್ತದೆ. ಆಮೇಲೆ ಆ ಶಿಷ್ಯೆಯನ್ನು ಯಾರೂ ಕರೆಯುವುದಿಲ್ಲ. ಪೂನಮ್ ಮತ್ತೆ ಲ್ಯಾಪ್‌ಟಾಪ್ ತೆರೆದಳು. ಸಮ್ಮನ್ನು ವಾಪಸ್ ಇಟ್ಟು ನೋಡಿದಳು. ರಚನೆ ಸಪ್ಪೆಯಾಯಿತು. ಮತ್ತೆ ಅಳಿಸಿದಳು.

ಬೈಠಕ್ಕಿನ ದಿನ ಅವಳು ಮಗ್ಗುಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡತೊಡಗಿದಳು. ಮೊಣಕಾಲು ನೋವಿನ ರಾಜೇಶ್ವರಿ ಬಾಯಿಯವರಿಗೆ ಹಿಂದುಗಡೆ ಕುರ್ಚಿ ಹಾಕಿತ್ತು. ಮೊದಲ ಸಮ್ ಬಂತು. ಲ್ಯಾಪ್‌ಟಾಪಿನ ತಬಲಾವೂ ಇಲ್ಲ, ಅವಳ ದನಿಯೂ ಇಲ್ಲ. ಮೈಕಿನ ಗೌಸಮೊದ್ದೀನ ಕರೆಂಟು ಹೋಯಿತೆಂದು ವೈರ್ ಹಿಡಿದು ಓಡಿದ. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಎರಡನೆಯ ಸಮ್ಮೂ ಖಾಲಿ. ಯಾರೋ ಕೆಮ್ಮಿದರು.

ಅಷ್ಟರಲ್ಲಿ ಹಿಂದೆ ಕುರ್ಚಿ ಕಿರುಗುಟ್ಟಿತು. ಬಾಯಿಯವರು ಎದ್ದಿದ್ದರು. ಪೂನಮ್ ಕಣ್ಣು ಮುಚ್ಚಿ, ಓಟದ ಸ್ವರಗಳ ತಾನ್ ಹಾಡಿದಳು. ಕಣ್ಣು ತೆರೆದಾಗ ಅವರು ಬಾಗಿಲಲ್ಲಿರಲಿಲ್ಲ. ಗೋಡೆ ಹಿಡಿದು, ಯಪ್ಪಾ ಎನ್ನುತ್ತ, ಜಮಖಾನೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದರು. ಕುರ್ಚಿಯಲ್ಲಿ ಕುಳಿತು ತಾಳ ಹಾಕಿ ಆ ಮುದುಕಿಗೆ ಅಭ್ಯಾಸವಿಲ್ಲ.

ಮೂರನೆಯ ಸಮ್‌ಗೆ ಅವರ ತೊಡೆಯ ಮೇಲೆ ಛಟ್ಟೆಂದು ಒಂದೇ ಒಂದು ಪೆಟ್ಟು ಬಿತ್ತು. ಎಲ್ಲರೂ ಹಿಂದೆ ತಿರುಗಿ ನೋಡಿದರು. ನಾಲ್ಕನೆಯದಕ್ಕೆ ಹತ್ತಾರು ಕೈ ಸೇರಿದವು. ಅದರ ಮುಂದಿನದಕ್ಕೆ ಇಡೀ ಸಭೆ ಒಂದೇ ಅಂಗೈಯಿಂದ ಹೊಡೆಯಿತು. ಗೌಸಮೊದ್ದೀನ ಕೂಡ ವೈರ್ ಕೈಬಿಟ್ಟು ಹೊಡೆದ. ಪೂನಮ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು, ಹಾಡು ಮಾತ್ರ ನಿಲ್ಲಲಿಲ್ಲ. ಕೊನೆಯ ಸುತ್ತು ಬರುತ್ತಿತ್ತು, ಕಂಪ್ಯೂಟರಿನ ಡೊಳ್ಳು ಕಾದಿತ್ತು. ಅವಳು ಕೈ ಚಾಚಿ ಅದರ ಬಾಯಿ ಮುಚ್ಚಿಸಿ, ಆ ಸಮ್ಮನ್ನೂ ಸಭೆಗೇ ಬಿಟ್ಟುಕೊಟ್ಟಳು.

ಮುಗಿದ ಮೇಲೆ ಕಾಲಿಗೆ ಬಿದ್ದವಳ ಮುಂದೆ ಬಾಯಿಯವರು ಕೆಂಪಾದ ಅಂಗೈ ಹಿಡಿದರು.

"ನೋಡಿಲ್ಲೆ, ಉರಿಯಾಕತ್ತೈತಿ," ಎಂದರು. "ಇನ್ನೊಮ್ಮಿ ಹಾಡು ಹಚ್ಚು."