ಸಿರಿಲ್ ಉಜ್ಜಿದ ಹೊಗೆಸೊಪ್ಪಿನ ಡಬ್ಬಿ

ಹೊಗೆಸೊಪ್ಪಿನ ಡಬ್ಬಿ ಇಟ್ಟಿರುವ ಆ ಗಾಜಿನ ಪೆಟ್ಟಿಗೆಯ ಪಕ್ಕ ಅಂಟಿಸಿದ ಚೀಟಿ ನೋಡಿದಾಗೆಲ್ಲ ಇವತ್ತಿಗೂ ನನ್ನ ಮೈ ಉರಿಯುತ್ತದೆ. ‘ಅತಿಯಾಗಿ ಉಜ್ಜಿದ್ದರಿಂದ ಬರಹ ಅಳಿಸಿಹೋಗಿದೆ’ ಎಂದಿದೆ. ಉಜ್ಜು ಅಂದವರು ಯಾರು? ಅದನ್ನು ಮಾತ್ರ ಬರೆದಿಲ್ಲ. ಶುಕ್ರವಾರ ಬಂತೆಂದರೆ ಮ್ಯೂಸಿಯಂ ಸಾಹೇಬರು ಬಿಳಿ ಕೈಗವಸು ತೊಟ್ಟು ಬಂದು, ಹಿತ್ತಾಳೆಯಲ್ಲಿ ತಮ್ಮ ಮೀಸೆ ಕಾಣದಿದ್ದರೆ ಎಲ್ಲರೆದುರು ಬೈಯುತ್ತಿದ್ದರು.

ಉಜ್ಜಿದವನು ಸಿರಿಲ್ ಪೆಸ್ಕಾಡ್. ನೌಕಾಪಡೆ ಬಿಟ್ಟಮೇಲೆ ಡೆವನ್‌ಪೋರ್ಟಿನ ಬಂದರಿನಲ್ಲಿ ಈಗ ಮ್ಯೂಸಿಯಂ ಆಗಿರುವ ನಮ್ಮ ಹಳೇ ಮರದ ಯುದ್ಧನೌಕೆಗೆ ಕಾವಲಿಗೆ ಬಂದ. ನಾನು ಅಲ್ಲೇ, ನೀರು ಒಸರದಂತೆ ಹಲಗೆಯ ಸಂದುಗಳಿಗೆ ನಾರು ಬಡಿಯುತ್ತಿದ್ದೆ. ಹೆಂಡತಿ ತೀರಿಹೋದಮೇಲೆ ಅವನಿಗೆ ಆ ಹಡಗೇ ಮನೆ. ಮಾಂಸ ತುಂಬಿದ ಪ್ಯಾಸ್ಟಿ ಕಡುಬು ತಿನ್ನುವಾಗಲೂ ಹೆಗಲ ಮೇಲೆ ಒರೆಸುವ ಬಟ್ಟೆ. ಪ್ಯಾಸ್ಟಿಗೂ ಪಾಲಿಶ್ ಹಾಕ್ತೀಯೇನೋ ಅಂತ ನಾನಂದರೆ, “ನಿನ್ನ ಮುಖಕ್ಕೆ ಹಾಕೋಣ ಅಂದ್ರೆ ಒಂದು ಡಬ್ಬಿ ಸಾಲಲ್ಲ” ಅನ್ನುತ್ತಿದ್ದ.

ಹಡಗಿನ ಹಿತ್ತಾಳೆ ಸಾಮಾನಿನಲ್ಲಿ ಒಂದು ಹೊಗೆಸೊಪ್ಪಿನ ಡಬ್ಬಿ. ಜೇಕಬ್ ಟ್ರೆವೆಲ್ಲ ಎಂಬ, ಹಿಂದೆ ಅದೇ ಹಡಗಿನಲ್ಲಿದ್ದ ನಾವಿಕ ಅದರ ಮುಚ್ಚಳದ ಮೇಲೆ ಸೂಜಿಯಿಂದ ತನ್ನ ಹೆಸರು, ಕೆಳಗೊಂದು ಹಕ್ಕಿ ಗೀಚಿದ್ದ. ಅವನ ವಂಶದ ಲವ್‌ಡೇ ಎಂಬಾಕೆ ಕಾರ್ನ್‌ವಾಲಿನಿಂದ ಅದನ್ನು ನೋಡಲೆಂದೇ ಬಂದಳು. ಜೇಕಬನ ಹೆಣ ಕಡಲಿಗೆ ಹಾಕಿದ್ದರಂತೆ. ಗೋರಿಯಿಲ್ಲ, ಚಿತ್ರವಿಲ್ಲ. ಅವನ ಕೈಯಾಡಿದ್ದು ಅಂತ ಉಳಿದದ್ದು ಆ ಗೀಚೇ.

ಸಿರಿಲ್ ಹೆಮ್ಮೆಯಿಂದ ತಾನೇ ಡಬ್ಬಿ ತೆಗೆದುಕೊಟ್ಟ. ಹೆಸರು ಎಲ್ಲಿದೆ ಅಂತ ಆಕೆ ಕೇಳಿದಳು. ಇವನು ಹೆಬ್ಬೆರಳಿಟ್ಟು ತೋರಿಸಲು ಹೋಗಿ ನಿಂತುಬಿಟ್ಟ. ಮುಚ್ಚಳ ಕನ್ನಡಿಯ ಹಾಗೆ ನುಣ್ಣಗಿತ್ತು. ವರ್ಷಗಟ್ಟಲೆ ನೋಡಿ ನೋಡಿ ಅವನ ಕಣ್ಣು ಇಲ್ಲದ್ದನ್ನೂ ಓದುತ್ತಿತ್ತು. ವಸ್ತುಗಳನ್ನು ಜೋಪಾನ ಮಾಡುವ ವಿಭಾಗದವರು ಓರೆಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ಹುಡುಕಿದರು. ಸಿಕ್ಕಿದ್ದು ರೆಕ್ಕೆಯ ಒಂದು ಗೆರೆ.

ಲವ್‌ಡೇ ಬೈಯಲಿಲ್ಲ. “ನಿಮಗೆ ನೆನಪಿದೆಯಲ್ಲ, ಪೆಸ್ಕಾಡ್ ಅವರೇ. ಜೇಕಬ್ ಬರೆದ ಹಾಗೇ ಒಂದು ಕಾಗದದ ಮೇಲೆ ಬರೆದುಕೊಡಿ, ಸಾಕು” ಅಂದಳು. ಕೊಡುತ್ತೇನೆ ಅಂತ ಮಾತು ಕೊಟ್ಟ.

ಆಕೆ ಹೋದಮೇಲೆ ನಾನು, ಡಬ್ಬಿಯ ಮೇಲೇ ಸೂಜಿಯಲ್ಲಿ ಮತ್ತೆ ಗೀಚಿಬಿಡು, ಯಾರಿಗೆ ಗೊತ್ತಾಗುತ್ತೆ ಅಂದೆ. ನನ್ನ ಕಾಲರ್ ಹಿಡಿದ.

“ಅಳಿಸಿದ್ದು ಸಾಲದೇನೋ? ಈಗ ಸತ್ತವನ ಕೈಯಲ್ಲಿ ಸುಳ್ಳೂ ಬರೆಸಲಾ?”

ಆಮೇಲೆ ಅವನು ಹಿತ್ತಾಳೆ ಮುಟ್ಟಲಿಲ್ಲ. ಚಹಾ ಆರಿಹೋಗುವವರೆಗೂ ಕೂತು ಬರೆಯುತ್ತಿದ್ದ, ಸರಿಬಾರದೆ ಎಲ್ಲವನ್ನೂ ಹರಿದುಹಾಕುತ್ತಿದ್ದ. ಮೊದಲಕ್ಷರದ ಬಾಲ ಎಷ್ಟು ಬಾಗಿತ್ತು, ಹಕ್ಕಿ ಎತ್ತ ನೋಡುತ್ತಿತ್ತು ಎಂದು ನನ್ನನ್ನು ಕೇಳುತ್ತಿದ್ದ. ನಾನು ಯಾವತ್ತು ಸರಿಯಾಗಿ ನೋಡಿದ್ದೆ? “ಏನು ಬರೆದರೂ ನನ್ನ ಕೈಬರಹವೇ ಬರುತ್ತೆ ಮಾರಾಯ” ಅಂತ ಪೆನ್ಸಿಲ್ ಇಟ್ಟುಬಿಡುತ್ತಿದ್ದ. ಕ್ರಿಸ್‌ಮಸ್‌ಗೆ ಲವ್‌ಡೇ ಕೇಸರಿ ಬನ್ನು ಕಳಿಸುತ್ತಿದ್ದಳು. ಕಾಗದ ಎಲ್ಲಿ ಅಂತ ಒಮ್ಮೆಯೂ ಕೇಳಲಿಲ್ಲ. ಆ ಬನ್ನು ಅವನು ತಿನ್ನದೆ ನಮಗೇ ಹಂಚಿಬಿಡುತ್ತಿದ್ದ.

ಅವನನ್ನು ಮಣ್ಣು ಮಾಡಿದ ದಿನ ಆಕೆಯೂ ಬಂದಿದ್ದಳು. ಎಲ್ಲರೂ ಚದುರಿದ ಮೇಲೆ ಹತ್ತಿರ ಬಂದು, ತನ್ನ ಹೆಸರಿಗೆ ಅವರು ಏನಾದರೂ ಬರೆದಿಟ್ಟು ಹೋದರಾ ಅಂತ ಮೆಲ್ಲಗೆ ಕೇಳಿದಳು.

ಇಲ್ಲ ಅಂದೆ.