ಕೊಡವದೆ ನೆನೆಸಿದ ಬಟ್ಟೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹಿತ್ತಿಲ ನಲ್ಲಿಯ ಬಳಿ ನಿಂತ ಆಕೆ ಗಂಟಿನಿಂದ ಒಂದು ನೀಲಿ ಅಂಗಿಯನ್ನು ಎಳೆದು, ಎರಡೂ ತೋಳು ಹಿಡಿದು ಮೇಲೆತ್ತುತ್ತಾಳೆ. ಥಟ್ಟನೆ ನಿಲ್ಲುತ್ತಾಳೆ. ಕೊಡವಬಾರದು. ಅಂಗಿಯನ್ನು ಹಾಗೇ ಮೆಲ್ಲಗೆ ನೀರಿಗೆ ಇಳಿಸುತ್ತಾಳೆ. "ಕೈ ಕೇಳಲ್ಲ ನೋಡಿ," ಎನ್ನುತ್ತಾಳೆ ಮುಖವಸ್ತ್ರದೊಳಗಿಂದ. "ಇಪ್ಪತ್ತು ವರ್ಷದ ಚಾಳಿ. ಕೊಡವದೆ ನೆನೆಸಿದ್ರೆ ಏನೋ ಮೈಗಳ್ಳತನ ಮಾಡ್ದಂಗೆ ಅನ್ಸುತ್ತೆ."

ಬ್ಯಾಟರಿ ಕಾರ್ಖಾನೆಯ ಕೆಲಸಗಾರರ ಬಟ್ಟೆ ಒಗೆಯುವುದು ಈ ಅಕ್ಕನ ಕಸುಬು. ಗಂಡ ಅಲ್ಲಿ ಸೀಸ ಕರಗಿಸುವ ಕುಲುಮೆಯ ಮುಂದೆ ನಿಲ್ಲುತ್ತಾನೆ. ಮೊದಲು ಅವನ ಬಟ್ಟೆ ಒಗೆದಳು, ಆಮೇಲೆ ಜೊತೆಗಾರರದು, ಆಮೇಲೆ ಇಡೀ ಪಾಳಿಯದು. ಪ್ರತಿ ಅಂಗಿಯನ್ನೂ ಪಟಪಟನೆ ಕೊಡವಿ, ಬೂದಿಬಣ್ಣದ ಧೂಳು ಹಾರಿಸಿಯೇ ನೆನೆಸುವುದು ಆಕೆಯ ಅಚ್ಚುಕಟ್ಟು. ಅದೇ ಮುಳುವಾಯಿತು. ಧೂಳಿನ ಸೀಸ ಉಸಿರಿನೊಂದಿಗೆ ಒಳಗಿಳಿದು ರಕ್ತ ಸೇರಿತು, ಅದರ ಒತ್ತಡವನ್ನೂ ಏರಿಸಿತು.

ಗೊತ್ತಾಗಿದ್ದು ಮಾತ್ರ ತಡವಾಗಿ. ತಲೆನೋವು, ಕೈಕಾಲು ಸೆಳೆತ, ಬೀಪಿ ನೂರ ಎಂಬತ್ತರ ಆಸುಪಾಸು. ಮಾತ್ರೆ ನುಂಗಿದರೂ ಇಳಿಯಲಿಲ್ಲ, ಊಟದಲ್ಲಿ ಉಪ್ಪು ಬಿಟ್ಟರೂ ಇಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! "ಇವಳ ಬೀಪಿಗೆ ನನ್ನ ಕಾಟನೇ ಕಾರಣ ಅಂತ ಬೀದಿಯವ್ರೆಲ್ಲ ನನ್ನೇ ಬೈದ್ರು," ಎಂದು ವಾರದ ರಜೆಯಲ್ಲಿರುವ ಗಂಡ ನಗುತ್ತಾನೆ. ನಕ್ಕರೂ, ಧೂಳು ಹೊತ್ತು ತಂದವನು ತಾನೇ ಎಂಬ ಸಂಕಟ ಅವನಿಗಿದೆ.

ಕೊನೆಗೆ ಹೊಸ ಡಾಕ್ಟರಮ್ಮ, ಕಾರ್ಖಾನೆಯಲ್ಲಿ ಕೆಲಸವೇ ಎಂದು ಕೇಳಿದರಂತೆ. "ನಾನ್ಯಾಕೆ ಹೋಗ್ಲಿ ಮೇಡಂ, ಕಾರ್ಖಾನೆನೇ ದಿನಾ ನಮ್ಮನೆಗೆ ಬರುತ್ತೆ ಅಂದೆ. ಅವ್ರು ನಗ್ಲೇ ಇಲ್ಲ." ರಕ್ತಪರೀಕ್ಷೆಯಲ್ಲಿ ಸೀಸ ಸಿಕ್ಕಿತು. ಈ ಕೆಲಸ ಬಿಡಿ ಎಂದರು ಡಾಕ್ಟರಮ್ಮ. ಬಿಟ್ಟರೆ ಹೊಟ್ಟೆಪಾಡು? ಅದಕ್ಕೇ ಈ ಮುಖವಸ್ತ್ರ, ಈ ಕೊಡವದ ವ್ರತ.

ಆದರೆ ಇವತ್ತು ಆಕೆ ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಸೊಸೆಗೆ ಈಗ ಆರು ತಿಂಗಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಪಕ್ಕದಲ್ಲಿ ನಿಂತು ಇದೇ ಅಂಗಿಗಳನ್ನು ಕೊಡವಿದವಳು. ತಾಯಿಯ ರಕ್ತದಲ್ಲಿರುವ ಸೀಸ ಹೊಟ್ಟೆಯ ಕೂಸಿಗೂ ಇಳಿಯುತ್ತದಂತೆ. ಅವಳ ರಕ್ತವೂ ಪರೀಕ್ಷೆಗೆ ಹೋಗಿದೆ, ಇವತ್ತು ಗೊತ್ತಾಗಬೇಕು. ಅತ್ತೆ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಾಳೆ, ಫೋನ್ ಎತ್ತಿ ನೋಡುತ್ತಾಳೆ, ಇಡುತ್ತಾಳೆ, ಮತ್ತೆ ಎತ್ತುತ್ತಾಳೆ.

"ಅತ್ತೆ, ಒಂದ್ಗಳಿಗೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನಂಗೂ ಬೀಪಿ ಬರುತ್ತೆ," ಎಂದು ಸೊಸೆ ಬಾಗಿಲಿಗೆ ಬಂದು ರೇಗಿಸುತ್ತಾಳೆ.

"ಅಲ್ಲೇ ಇರು! ಹಿತ್ತಿಲಿಗೆ ಕಾಲಿಡ್ಬೇಡ!"

ಅಷ್ಟು ಜೋರಾಗಿ ಕೂಗಿದ್ದಕ್ಕೆ ಆಕೆಗೇ ನಾಚಿಕೆಯಾಗುತ್ತದೆ. ಕೋಪವಲ್ಲ ಅದು, ಹೆದರಿಕೆ.

ಬಿಸಿಲೇರಿದ ಮೇಲೆ ಫೋನ್ ಬರುತ್ತದೆ. ಸೊಸೆಯ ರಕ್ತದಲ್ಲೂ ಸೀಸವಿದೆ, ಅತ್ತೆಯಷ್ಟಿಲ್ಲ. ಇವತ್ತಿಂದಲೇ ಧೂಳು ಮನೆಗೆ ಬರದಂತೆ ನೋಡಿಕೊಂಡರೆ ಇನ್ನೂ ಏರುವುದನ್ನು ತಡೆಯಬಹುದು, ಎನ್ನುತ್ತಾರೆ ಡಾಕ್ಟರಮ್ಮ. ಅತ್ತೆ ನೇರ ಹಿತ್ತಿಲಿಗೆ ನಡೆಯುತ್ತಾಳೆ. ಒಗೆಯದೆ ಉಳಿದ ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಅದರ ಬಾಯಿ ಬಿಗಿದು ಗಂಡನ ಮುಂದಿಡುತ್ತಾಳೆ.

"ಇದನ್ನ ಕಾರ್ಖಾನೆಗೆ ವಾಪಸ್ ಕೊಟ್ಬಿಡಿ. ಒಳಗೇ ಒಗೆಸ್ಕೊಳ್ಲಿ, ಯಾರ ಮನೆಗೂ ಕಳಿಸೋದು ಬೇಡ. ನೀವೂ ಅಷ್ಟೇ, ಅಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಮನೆಗೆ ಬನ್ನಿ."

"ಜೀವನಕ್ಕೇನು ಮಾಡೋದೇ?" ಎನ್ನುತ್ತಾನೆ ಗಂಡ.

"ಊರಲ್ಲಿ ಜನ ಬಟ್ಟೆ ಕೊಳೆ ಮಾಡೋದು ಬಿಟ್ಟಿದಾರಾ? ಬೇರೆಯವ್ರದು ಒಗೀತೀನಿ."

ಆಕೆ ಕೈಗಳನ್ನು ಸೋಪು ಹಚ್ಚಿ ತೊಳೆಯುತ್ತಾಳೆ. ಮೂಸಿ ನೋಡಿ ಮತ್ತೆ ತೊಳೆಯುತ್ತಾಳೆ.

"ನನ್ನ ಬೀಪಿ ಇಳಿದ್ರೆ ಇಳೀಲಿ, ಬಿಟ್ರೆ ಬಿಡ್ಲಿ," ಎನ್ನುತ್ತಾಳೆ. "ಮೊಮ್ಮಗು ಬಂದ ದಿನ, ಅದನ್ನ ಎತ್ಕೊಳ್ಳೋಕೆ ನಾನು ಹೆದರಬಾರ್ದು. ಅಷ್ಟೇ."