ಮೂರು ಹೆಜ್ಜೆ ಹಿಂದೆ ನಿಂತವರು: ಅಟ್ಟೀಲಿಯೊ ಬ್ರೆಸ್ಸಾನ್

ಇಟಲಿಯ ಫುಟ್‌ಬಾಲಿನಲ್ಲಿ ಗೆದ್ದ ಕಪ್‌ಗಳಿಂದ ಹೆಸರಾದವರು ಅನೇಕರು. ಕಳೆದುಕೊಂಡ ಜಾಗದಿಂದ ಹೆಸರಾದವರು ಶ್ರೀ ಅಟ್ಟೀಲಿಯೊ ಬ್ರೆಸ್ಸಾನ್ ಅವರೊಬ್ಬರೇ. ಮೂವತ್ತನಾಲ್ಕು ವರ್ಷ ತರಬೇತುದಾರರ ಶಾಲೆಯಲ್ಲಿ ಆಟದ ವ್ಯೂಹಗಳನ್ನು ಬೋಧಿಸಿ ಈ ಜೂನ್‌ನಲ್ಲಿ ನಿವೃತ್ತರಾಗುತ್ತಿರುವ ಅವರಿಂದ ಪಾಠ ಹೇಳಿಸಿಕೊಳ್ಳದವರು ವಿರಳ. ಹೇಳಿಸಿಕೊಂಡೂ ಕಲಿಯದವರು ಸಾಕಷ್ಟಿದ್ದಾರೆ, ಅದಕ್ಕೆ ಅವರು ಹೊಣೆಯಲ್ಲ.

ಅವರು ಬಂದರಿನ ಊರಾದ ಪೋರ್ತೊವೆಂತೊ ತಂಡದ ನಾಯಕರು ಮತ್ತು ಲಿಬೆರೊ ಆಗಿದ್ದರು. ಉಳಿದ ರಕ್ಷಕರು ಒಬ್ಬೊಬ್ಬ ಎದುರಾಳಿಯ ಬೆನ್ನು ಹಿಡಿದು ಓಡುವಾಗ, ಎಲ್ಲರ ಹಿಂದೆ ಸ್ವತಂತ್ರವಾಗಿ ನಿಂತು ತಪ್ಪಿಸಿಕೊಂಡು ಬಂದ ಚೆಂಡನ್ನು ಸಂಭಾಳಿಸುವವನೇ ಲಿಬೆರೊ. ಹದಿಮೂರು ವರ್ಷ ಆ ಜಾಗದಲ್ಲಿ ನಿಂತರೂ ಅವರ ಅಂಗಿಗೆ ಕೆಸರು ತಾಗಿದ್ದು ಅಪರೂಪವೆಂದು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ.

೧೯೮೭ರಲ್ಲಿ ಫೌಸ್ತೊ ಗರ್ಬಿನಿ ಎಂಬ ಹೊಸ ತರಬೇತುದಾರರು, ಆಟಗಾರರ ಮಾತಿನಲ್ಲಿ ‘ಮಿಸ್ಟರ್’, ಬಂದರು. ಆಳನ್ನಲ್ಲ, ಜಾಗವನ್ನು ಕಾಯಬೇಕು. ನಾಲ್ವರು ರಕ್ಷಕರೂ ಒಂದೇ ಗೆರೆಯಲ್ಲಿ ಮುಂದೆ ಸರಿದು, ಬೆನ್ನ ಹಿಂದೆ ಉಳಿದ ಎದುರಾಳಿಯನ್ನು ಆಫ್‌ಸೈಡಿಗೆ ಕೆಡವಬೇಕು; ಒಬ್ಬ ಹಿಂದುಳಿದರೂ ಎದುರಾಳಿ ಪಾರು ಎಂಬುದು ಅವರ ಪಂಥ. ಗೆರೆ ಕೆಡದಿರಲೆಂದು ನಾಲ್ವರ ಸೊಂಟಕ್ಕೂ ದೋಣಿಯ ಹಗ್ಗ ಕಟ್ಟಿಸಿದರು. ಬ್ರೆಸ್ಸಾನ್ ಅವರ ತಲೆಗೆ ಪಂಥ ಅರ್ಥವಾಯಿತು; ಕಾಲಿಗೆ ಅರ್ಥವಾಗಲಿಲ್ಲ. ಚೆಂಡು ಮೇಲೆದ್ದೊಡನೆ ಮೂವರು ಮುಂದಕ್ಕೆ, ಅವರು ಮೂರು ಹೆಜ್ಜೆ ಹಿಂದಕ್ಕೆ. ಹಗ್ಗ ಜಗ್ಗಿ ನಾಲ್ವರೂ ನೆಲಕ್ಕೆ.

“ಅಲ್ಲಯ್ಯಾ, ಹಿಂದೆ ಏನು ಬಿಟ್ಟು ಬಂದಿದ್ದೀಯ?” ಎಂದರು ಗರ್ಬಿನಿ.

“ಗೋಲು, ಮಿಸ್ಟರ್. ಯಾರಾದ್ರೂ ನೋಡ್ಕೋಬೇಕಲ್ಲ.”

“ಅದಕ್ಕೆ ಅಂತಲೇ ಒಬ್ಬ ಗೋಲ್‌ಕೀಪರ್ ಇದ್ದಾನೆ ಕಣಯ್ಯಾ!”

ಹಗ್ಗವಿಲ್ಲದ ಪಂದ್ಯಗಳಲ್ಲಿ ಅದೇ ಮೂರು ಹೆಜ್ಜೆ ಎದುರಾಳಿಗೆ ಬಾಗಿಲು ತೆರೆಯಿತು. ಸಾಲಾಗಿ ಮೂರು ಸೋಲು. ತಂಡ ಕೆಳಗಿನ ದರ್ಜೆಗೆ ಜಾರುವ ಅಂಚಿನಲ್ಲಿದ್ದಾಗ ಬ್ರೆಸ್ಸಾನ್ ಅವರೇ ಗರ್ಬಿನಿಯವರ ಕೋಣೆಗೆ ಹೋದರು.

“ನನ್ನ ತೆಗೆದುಬಿಡಿ. ಬೆಂಚಿನ ಮೇಲೆ ಕೂತಿರೋ ಹುಡುಗ ಒರೆಸ್ತೆನ ಹಾಕಿ.”

“ನೀನು ಕ್ಯಾಪ್ಟನ್ನು ಕಣೋ. ಊರೋರು ನನ್ನ ಸುಮ್ನೆ ಬಿಡ್ತಾರಾ?”

“ಊರೋರಿಗೆ ನಾನು ಹೇಳ್ತೀನಿ. ಒರೆಸ್ತೆಗೂ ನಾನೇ ಕಲಿಸ್ತೀನಿ. ಎಲ್ಲಿ ತಪ್ಪುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಅಂದಿನಿಂದ ಪ್ರತಿ ಬೆಳಿಗ್ಗೆ, ತಮ್ಮ ಜಾಗಕ್ಕೆ ಬಂದವನ ಸೊಂಟಕ್ಕೆ ತಮ್ಮ ಕೈಯಾರೆ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ನಿಂತರು. ತಂಡ ಉಳಿಯಿತು, ಅವರು ಮತ್ತೆ ಲೀಗ್ ಪಂದ್ಯ ಆಡಲಿಲ್ಲ. ಮನೆಯಲ್ಲಿ ಬೂಟುಗಳಿಗೆ ಮೇಣ ಹಚ್ಚುವುದನ್ನು ಮಾತ್ರ ಇನ್ನೆರಡು ವರ್ಷ ಬಿಡಲಿಲ್ಲ.

ಶಾಲೆಗೆ ಬಂದ ಮೇಲೆ ಪಂಥಗಳು ಬಂದವು, ಹೋದವು. ಓಡದೆ ಆಟ ಕಟ್ಟುತ್ತಿದ್ದ ಹತ್ತನೆಯ ನಂಬರಿನವನು ಬೇಡವಾದ. ತಲೆಯಿಂದಲೇ ಗೋಲು ಹೊಡೆಯುವ ಎತ್ತರದಾಳು ಬೇಡವಾದ. ಕೊನೆಗೆ ಕೈಯಷ್ಟೇ ಬಲ್ಲ ಗೋಲ್‌ಕೀಪರನೂ ಬೇಡವಾದ. ಹಾಗೆ ಜಾಗ ಕಳೆದುಕೊಂಡವರ ಮನೆಗೆ ಬ್ರೆಸ್ಸಾನ್ ಅವರು ಭಾನುವಾರದ ಮಧ್ಯಾಹ್ನ, ಬೇಕರಿಯ ಸಿಹಿಯ ಪೊಟ್ಟಣದೊಂದಿಗೆ, ಕರೆಯದೆಯೇ ಹೋಗುತ್ತಿದ್ದರು.

“ನಿನ್ನ ಆಟ ಕೆಟ್ಟಿಲ್ಲಪ್ಪಾ, ಫ್ಯಾಷನ್ನು ಬದಲಾಗಿದೆ. ಮೊದಲು ತಿನ್ನು. ಆಮೇಲೆ ನನ್ನ ಕ್ಲಾಸಿಗೆ ಬಾ.”

ಬಂದವರಲ್ಲಿ ಹನ್ನೊಂದು ಮಂದಿ ಇಂದು ತರಬೇತುದಾರರು.

ಕಳೆದ ತಿಂಗಳು ಅವರ ಗೌರವಾರ್ಥ ಹಳಬರ ಪಂದ್ಯ ನಡೆಯಿತು. ರಕ್ಷಣೆಯ ಗೆರೆಯಲ್ಲಿ ಒರೆಸ್ತೆಯ ಪಕ್ಕ ಅರವತ್ತೆಂಟರ ಬ್ರೆಸ್ಸಾನ್. ಉದ್ದನೆಯ ಚೆಂಡೊಂದು ಮೇಲೆದ್ದಿತು. ಮೂವರು ಕಲಿತಂತೆ ಮುಂದೆ ಸರಿದರು. ಅವರು ಮೂರು ಹೆಜ್ಜೆ ಹಿಂದೆ. ಆಫ್‌ಸೈಡಿನಿಂದ ಪಾರಾದ ಎದುರಾಳಿ ಹೊಟ್ಟೆ ಹೊತ್ತುಕೊಂಡು ನುಗ್ಗಿದಾಗ, ಚೆಂಡು ಆಗಲೇ ಬ್ರೆಸ್ಸಾನ್ ಅವರ ಎದೆಯಿಂದಿಳಿದು ಪಾದದ ಬಳಿ ಕೂತಿತ್ತು.

“ಮತ್ತೆ ಹಿಂದೆ! ಸಾಯೋತನಕ ಹಿಂದೆ!” ಎಂದು ಎಂಬತ್ತಾರರ ಗರ್ಬಿನಿಯವರು ಬೈಯುತ್ತಲೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಂಗಿಗೆ ಕೆಸರು ತಾಗಿರಲಿಲ್ಲ. ಬೂಟಿನ ಮೇಣ ಹೊಸದಾಗಿತ್ತು. ಅವರು ನೂರ್ಕಾಲ ಬಾಳಲಿ, ಪಾಠ ಹೇಳುತ್ತಲೇ ಇರಲಿ. ಮುಂದೆ ನುಗ್ಗುವವರಿಗೆ ಈ ಆಟದಲ್ಲಿ ಎಂದೂ ಬರವಿಲ್ಲ. ಹಿಂದೆ ಒಬ್ಬರು ಬೇಕು.